ಕೆಡುಕು ಆಕ್ಸಿಡೈಸ್ ಆದ ಕೊಲೆಸ್ಟ್ರಾಲ್‌ನದು ಮಾತ್ರವೇ? ಎಲ್‌ಡಿಎಲ್ ಸಂಖ್ಯೆ ಇಂದಿಗೂ ಏಕೆ ಮುಖ್ಯ

ಕೊಲೆಸ್ಟ್ರಾಲ್ ಬಗ್ಗೆ ಈಚೆಗೆ ಒಂದು ವಾದ ಜೋರಾಗಿ ಓಡಾಡುತ್ತಿದೆ. ವಿಡಿಯೊಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ, ಒಮ್ಮೊಮ್ಮೆ ಓದಿಕೊಂಡವರ ಬಾಯಲ್ಲೂ ಕೇಳಿಬರುತ್ತದೆ. ಕೊಲೆಸ್ಟ್ರಾಲ್ ತನ್ನಷ್ಟಕ್ಕೆ ನಿರಪಾಯಕಾರಿ, ಆಕ್ಸಿಡೈಸ್ ಆದ, ಅಂದರೆ ಆಮ್ಲಜನಕ ತಾಗಿ ಕೆಟ್ಟ ಕೊಲೆಸ್ಟ್ರಾಲ್ ಮಾತ್ರ ರಕ್ತನಾಳವನ್ನು ಕೆಡಿಸುತ್ತದೆ, ಆದ್ದರಿಂದ ರಿಪೋರ್ಟಿನಲ್ಲಿ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡುವ ಕಣ) ಎಷ್ಟೇ ಇರಲಿ ಚಿಂತೆ ಬೇಡ, ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಟ್ಟು, ಆಕ್ಸಿಡೈಸ್ ಆಗುವುದನ್ನು ತಡೆಯುವ ಆಂಟಿಆಕ್ಸಿಡೆಂಟ್ ತೆಗೆದುಕೊಳ್ಳಿ ಎನ್ನುವುದು ಅದರ ಸಾರ.

ಈ ವಾದದ ಮೊದಲ ಅರ್ಧಕ್ಕೆ, ಅಂದರೆ ಆಕ್ಸಿಡೀಕರಣ ರಕ್ತನಾಳವನ್ನು ಕೆಡಿಸುತ್ತದೆ ಎಂಬುದಕ್ಕೆ, ನಾಲ್ಕು ದಶಕಗಳ ಗಟ್ಟಿ ವಿಜ್ಞಾನದ ಬೆಂಬಲವಿದೆ. ಅದಕ್ಕಾಗಿಯೇ ಎರಡನೇ ಅರ್ಧ ಇಷ್ಟು ಸುಲಭವಾಗಿ ಜನರ ತಲೆಗೆ ಇಳಿಯುತ್ತದೆ. ಆದರೆ ಆಕ್ಸಿಡೀಕರಣದ ಕಥೆಯನ್ನು ಪೂರ್ತಿ ಓದಿದವರು ಆ ತೀರ್ಮಾನಕ್ಕೆ ಬರಲಾರರು. ಮಾತ್ರೆ ಬಿಟ್ಟು ಹೃದಯಾಘಾತ ತಂದುಕೊಳ್ಳುವವರು ಇರುವುದರಿಂದ ಈ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿದೆ.

ಕೊಲೆಸ್ಟ್ರಾಲ್‌ಗೂ ರಕ್ತನಾಳದ ಕಾಯಿಲೆಗೂ ಸಂಬಂಧವಿದೆ ಎಂದು ಪ್ರಯೋಗದಲ್ಲಿ ಸ್ಪಷ್ಟವಾಗಿ ತೋರಿಸಿದವರು ರಷ್ಯಾದ ನಿಕೊಲಾಯ್ ಅನಿಚ್ಕೊವ್. 1913ರಲ್ಲಿ ಅವರು ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ತಿನ್ನಿಸಿದರು. ಅವುಗಳ ಅಪಧಮನಿಗಳಲ್ಲಿ ಮನುಷ್ಯರಲ್ಲಿ ಕಾಣುವಂಥದೇ ಕೊಬ್ಬಿನ ಗೆರೆಗಳು ಮೂಡಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಕೊಬ್ಬಿನ ಹನಿಗಳಿಂದ ಉಬ್ಬಿ, ನೊರೆ ತುಂಬಿಕೊಂಡಂತೆ ಕಾಣುವ ಕೋಶಗಳು. ಇವೇ ಫೋಮ್ ಸೆಲ್, ಅಂದರೆ ನೊರೆಕೋಶಗಳು. ಅಪಧಮನಿ ಗಟ್ಟಿಯಾಗಿ ಕಟ್ಟಿಕೊಳ್ಳುವ ಅಥೆರೊಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಮೊದಲ ಗುರುತು ಅದೇ.

ಈ ಕೋಶಗಳು ಅಷ್ಟೊಂದು ಕೊಲೆಸ್ಟ್ರಾಲನ್ನು ಹೇಗೆ ನುಂಗುತ್ತವೆ ಎಂಬ ಪ್ರಶ್ನೆ ಬಹುಕಾಲ ಬಿಡಿಸಲಾಗದೆ ಉಳಿಯಿತು. 1970ರ ದಶಕದಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಜೀವಕೋಶಗಳ ಮೇಲೆ ಎಲ್‌ಡಿಎಲ್ ಗ್ರಾಹಕವನ್ನು ಕಂಡುಹಿಡಿದರು. ಇದಕ್ಕೆ 1985ರಲ್ಲಿ ನೊಬೆಲ್ ಬಂತು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆಳೆದುಕೊಳ್ಳುವುದು ಈ ಗ್ರಾಹಕದ ಕೆಲಸ. ಕೋಶಕ್ಕೆ ಸಾಕಷ್ಟು ಕೊಲೆಸ್ಟ್ರಾಲ್ ಸಿಕ್ಕಿದ ಕೂಡಲೇ ಗ್ರಾಹಕಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಹೀಗೆ ಹೊಟ್ಟೆ ತುಂಬಿದಾಗ ಬಾಗಿಲು ಮುಚ್ಚುವ ವ್ಯವಸ್ಥೆ ಇರುವಾಗ ಕೋಶ ಒಡೆದುಹೋಗುವಷ್ಟು ಕೊಲೆಸ್ಟ್ರಾಲ್ ತುಂಬಿಕೊಳ್ಳುವುದು ಹೇಗೆ?

ಇನ್ನೂ ದೊಡ್ಡ ಒಗಟು ಒಂದಿತ್ತು. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಪಡೆದು ಹುಟ್ಟಿದ ಕೆಲವು ಮಕ್ಕಳಲ್ಲಿ ಎಲ್‌ಡಿಎಲ್ ಗ್ರಾಹಕ ಕೆಲಸವನ್ನೇ ಮಾಡುವುದಿಲ್ಲ. ಅವರ ರಕ್ತದಲ್ಲಿ ಎಲ್‌ಡಿಎಲ್ ಡೆಸಿಲೀಟರಿಗೆ 500 ಮಿಲಿಗ್ರಾಂ ದಾಟಬಹುದು, ಬಾಲ್ಯದಲ್ಲೇ ಹೃದಯಾಘಾತ ಆಗಬಹುದು. ಎಲ್‌ಡಿಎಲ್ ಒಳಗೆ ಹೋಗುವ ಬಾಗಿಲೇ ಇಲ್ಲದಿದ್ದರೂ ಅವರ ಅಪಧಮನಿಗಳಲ್ಲಿ ನೊರೆಕೋಶಗಳು ಕಿಕ್ಕಿರಿದಿರುತ್ತವೆ. ಹಾಗಾದರೆ ಬೇರೆ ಬಾಗಿಲೊಂದು ಇರಲೇಬೇಕು.

ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಆ ಬಾಗಿಲನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಕಂಡರು. ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕೋಶಗಳಿಗೆ ಮಾಮೂಲಿ ಎಲ್‌ಡಿಎಲ್ ಎಷ್ಟು ಸುರಿದರೂ ಅವು ನೊರೆಕೋಶಗಳಾಗಲಿಲ್ಲ. ಅದೇ ಎಲ್‌ಡಿಎಲ್‌ಗೆ ರಾಸಾಯನಿಕವಾಗಿ ಅಸಿಟೈಲ್ ಗುಂಪು ಸೇರಿಸಿ ಕೊಟ್ಟಾಗ ಗಬಗಬನೆ ನುಂಗಿ ಉಬ್ಬಿದವು. 1979ರಲ್ಲಿ ಇದು ಪ್ರಕಟವಾಯಿತು. ಬದಲಾದ ಕಣವನ್ನು ಹಿಡಿಯುವ ಈ ಗ್ರಾಹಕಕ್ಕೆ ಸ್ಕ್ಯಾವೆಂಜರ್ ಗ್ರಾಹಕ ಎಂದು ಹೆಸರಾಯಿತು. ಹೊಟ್ಟೆ ತುಂಬಿದರೂ ಮುಚ್ಚದ ಬಾಗಿಲು ಇದು. ಆದರೆ ದೇಹದೊಳಗೆ ಎಲ್‌ಡಿಎಲ್‌ಗೆ ಅಸಿಟೈಲ್ ಸೇರಿಸುವವರು ಯಾರೂ ಇಲ್ಲ. ಅಲ್ಲಿ ಆಗುವ ಬದಲಾವಣೆ ಯಾವುದು?

ಉತ್ತರ ಬಂದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ಅವರ ತಂಡದಿಂದ. ರಕ್ತನಾಳದ ಒಳಪದರದ ಜೀವಕೋಶಗಳ ಜೊತೆ ಎಲ್‌ಡಿಎಲ್ ಅನ್ನು ಕೆಲವು ಗಂಟೆ ಇಟ್ಟು, ಆಮೇಲೆ ಅದನ್ನು ಮ್ಯಾಕ್ರೊಫೇಜ್‌ಗಳಿಗೆ ಕೊಟ್ಟರೆ ಅವು ಹಲವು ಪಟ್ಟು ವೇಗದಲ್ಲಿ ನುಂಗುತ್ತವೆ ಎಂದು 1981ರಲ್ಲಿ ತೋರಿಸಿದರು. ಆ ಗಂಟೆಗಳಲ್ಲಿ ಏನಾಗುತ್ತದೆ ಎಂಬುದು 1984ರಲ್ಲಿ ತಿಳಿಯಿತು: ಕಣದ ಕೊಬ್ಬು ಆಕ್ಸಿಡೈಸ್ ಆಗುತ್ತದೆ. ದ್ರಾವಣಕ್ಕೆ ವಿಟಮಿನ್ ಇ ಸೇರಿಸಿದರೆ ಬದಲಾವಣೆ ನಿಂತುಹೋಗುತ್ತಿತ್ತು. ಈ ಕೊನೆಯ ಅಂಶವನ್ನು ನೆನಪಿನಲ್ಲಿಡಿ. ಮುಂದೆ ಇಡೀ ಜಗತ್ತು ವಿಟಮಿನ್ ಗುಳಿಗೆಗಳ ಹಿಂದೆ ಬಿದ್ದದ್ದು ಇಲ್ಲಿಂದಲೇ.

ಎಲ್‌ಡಿಎಲ್ ಕಣದೊಳಗೆ ಒಮ್ಮೆ ಇಣುಕೋಣ. ಅದರ ವ್ಯಾಸ ಸುಮಾರು 22 ನ್ಯಾನೊಮೀಟರ್. ಸುತ್ತ ಒಂದೇ ಒಂದು ದೊಡ್ಡ ಪ್ರೋಟೀನ್ ಸುತ್ತಿಕೊಂಡಿರುತ್ತದೆ, ಅದರ ಹೆಸರು ಅಪೊಬಿ. ಹೊರಪದರದಲ್ಲಿ ಫಾಸ್ಫೊಲಿಪಿಡ್ ಎಂಬ ಕೊಬ್ಬುಗಳು, ಒಳಗೆ ಕೊಬ್ಬಿನಾಮ್ಲದ ಜೊತೆ ಬೆಸೆದುಕೊಂಡ ಕೊಲೆಸ್ಟ್ರಾಲ್. ಒಂದು ಕಣದಲ್ಲಿ ಕೊಬ್ಬಿನಾಮ್ಲದ ಅಣುಗಳು ಹೆಚ್ಚುಕಡಿಮೆ 2,700, ಅವುಗಳಲ್ಲಿ ಸುಮಾರು ಅರ್ಧದಷ್ಟು ಬಹು ಅಪರ್ಯಾಪ್ತ ಜಾತಿಯವು. ಇವುಗಳನ್ನು ಕಾಯಲು ಇರುವ ವಿಟಮಿನ್ ಇ ಅಣುಗಳು ಆರೇಳು ಮಾತ್ರ.

ಬಹು ಅಪರ್ಯಾಪ್ತ ಕೊಬ್ಬಿಗೆ ಆಮ್ಲಜನಕ ತಾಗಿ ಸರಪಳಿ ಕ್ರಿಯೆ ಶುರುವಾದರೆ ಒಂದು ಅಣು ಪಕ್ಕದ್ದನ್ನು, ಅದು ಮತ್ತೊಂದನ್ನು ಕೆಡಿಸುತ್ತಾ ಹೋಗುತ್ತದೆ. ಹಳೆಯ ಎಣ್ಣೆ ಕಮಟು ಹತ್ತುವುದೂ ಇದೇ ರಸಾಯನಕ್ರಿಯೆಯಿಂದ. ಒಡೆದ ಕೊಬ್ಬಿನಾಮ್ಲಗಳಿಂದ ಮ್ಯಾಲೊನ್‌ಡೈಆಲ್ಡಿಹೈಡ್‌ನಂಥ ಚುರುಕು ಅಣುಗಳು ಹುಟ್ಟಿ ಅಪೊಬಿಗೆ ಅಂಟಿಕೊಳ್ಳುತ್ತವೆ. ಆಗ ಪ್ರೋಟೀನಿನ ಚಹರೆ ಬದಲಾಗುತ್ತದೆ. ಮಾಮೂಲಿ ಎಲ್‌ಡಿಎಲ್ ಗ್ರಾಹಕಕ್ಕೆ ಅದರ ಗುರುತು ಸಿಗುವುದಿಲ್ಲ, ಸ್ಕ್ಯಾವೆಂಜರ್ ಗ್ರಾಹಕಕ್ಕೆ ಸಿಗುತ್ತದೆ. ಕೊಲೆಸ್ಟ್ರಾಲ್ ಅಣುವೂ ಬದಲಾಗಿ 7-ಕೀಟೊಕೊಲೆಸ್ಟ್ರಾಲ್‌ನಂಥ ಆಕ್ಸಿಸ್ಟೆರಾಲ್‌ಗಳಾಗುತ್ತದೆ. ಇವು ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಕೊಲ್ಲುವಷ್ಟು ವಿಷಕಾರಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಜನ ಆಕ್ಸಿಡೈಸ್ ಆದ ಕೊಲೆಸ್ಟ್ರಾಲ್ ಎನ್ನುವಾಗ ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ಆಕ್ಸಿಡೈಸ್ ಆದ ಎಲ್‌ಡಿಎಲ್ ಕಣ. ಆ ಕಣದಲ್ಲಿ ಮೊದಲು ಕೆಡುವುದು ಕೊಲೆಸ್ಟ್ರಾಲ್ ಅಲ್ಲ, ಅದರ ಜೊತೆಗಿರುವ ಕೊಬ್ಬಿನಾಮ್ಲಗಳು. ಇನ್ನು ಆಹಾರದಲ್ಲಿ ಆಕ್ಸಿಸ್ಟೆರಾಲ್‌ಗಳು ಇರುವುದು ನಿಜ. ಒಣಗಿಸಿ ಪುಡಿ ಮಾಡಿದ ಮೊಟ್ಟೆ, ಬಹುಕಾಲ ಇಟ್ಟ ಹಾಲಿನ ಪುಡಿ, ಅತಿ ಶಾಖದಲ್ಲಿ ಕರಿದ ಮಾಂಸದಲ್ಲಿ ಅವು ಸಿಗುತ್ತವೆ, ಕರುಳಿನಿಂದ ರಕ್ತಕ್ಕೂ ಸೇರುತ್ತವೆ. ಮೊಲಗಳಿಗೆ ಅವನ್ನು ತಿನ್ನಿಸಿದರೆ ಅಪಧಮನಿಯ ಗೆರೆಗಳು ಹೆಚ್ಚುತ್ತವೆ. ಹಾಗೆಂದು ಮನುಷ್ಯರ ಅಪಧಮನಿಯಲ್ಲಿ ನಡೆಯುವ ಹಾನಿಯ ಮುಖ್ಯ ಮೂಲ ತಟ್ಟೆಯೇ ಎನ್ನುವುದು ಸರಿಯಲ್ಲ. ಎಲ್‌ಡಿಎಲ್ ಬಹುಪಾಲು ಕೆಡುವುದು ದೇಹದೊಳಗೆ, ಅದೂ ರಕ್ತದ ಹರಿವಿನಲ್ಲಲ್ಲ, ಅಪಧಮನಿಯ ಗೋಡೆಯೊಳಗೆ.

ರಕ್ತದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ ಮುಂತಾದ ಕಾವಲುಗಾರರು ಬೇಕಾದಷ್ಟಿರುವುದರಿಂದ ಅಲ್ಲಿ ಎಲ್‌ಡಿಎಲ್ ಸುಲಭವಾಗಿ ಕೆಡುವುದಿಲ್ಲ. ಅದು ಅಪಧಮನಿಯ ಒಳಪದರವನ್ನು ದಾಟಿ ಗೋಡೆಯೊಳಗೆ ನುಸುಳಿದಾಗ ಆಟ ಬದಲಾಗುತ್ತದೆ. ಅಲ್ಲಿ ಪ್ರೋಟಿಯೊಗ್ಲೈಕಾನ್ ಎಂಬ ಎಳೆಗಳಿವೆ, ಅವುಗಳಿಗೆ ಋಣ ವಿದ್ಯುದಂಶ. ಅಪೊಬಿಯ ಕೆಲವು ಭಾಗಗಳಿಗೆ ಧನ ವಿದ್ಯುದಂಶ. ಹೀಗಾಗಿ ಕಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಕ್ತನಾಳ ಕವಲೊಡೆಯುವ, ತಿರುವು ಪಡೆಯುವ ಜಾಗಗಳಲ್ಲಿ ಇದು ಹೆಚ್ಚು. 2002ರಲ್ಲಿ ಪ್ರಕಟವಾದ ಒಂದು ಇಲಿ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಪ್ರೋಟಿಯೊಗ್ಲೈಕಾನ್‌ಗೆ ಅಂಟದ ಹಾಗೆ ಅಪೊಬಿಯನ್ನು ಬದಲಿಸಿದ ಇಲಿಗಳಲ್ಲಿ, ರಕ್ತದ ಕೊಲೆಸ್ಟ್ರಾಲ್ ಅಷ್ಟೇ ಹೆಚ್ಚಿದ್ದರೂ, ಅಪಧಮನಿಯ ಕಾಯಿಲೆ ಬಹಳ ಕಡಿಮೆ ಬಂತು.

ಸಿಕ್ಕಿಬಿದ್ದ ಕಣಕ್ಕೆ ಕಾವಲು ಇಲ್ಲ, ಸುತ್ತಲೂ ಕೆಡಿಸುವ ಸಾಮಗ್ರಿ. ಮೈಲೊಪೆರಾಕ್ಸಿಡೇಸ್, ಲಿಪಾಕ್ಸಿಜನೇಸ್‌ನಂಥ ಕಿಣ್ವಗಳಿವೆ, ಜೀವಕೋಶಗಳು ಹೊರಬಿಡುವ, ಸಿಕ್ಕಿದ್ದನ್ನು ಆಕ್ಸಿಡೈಸ್ ಮಾಡುವ ಫ್ರೀ ರ್‍ಯಾಡಿಕಲ್‌ಗಳಿವೆ. ಸ್ವಲ್ಪವೇ ಕೆಟ್ಟ ಎಲ್‌ಡಿಎಲ್ ಕೂಡ ಒಳಪದರದ ಕೋಶಗಳಿಗೆ ಗಾಬರಿಯ ಸಂಕೇತ ಕೊಡುತ್ತದೆ. ಅವು ರಕ್ತದಲ್ಲಿರುವ ಮೋನೊಸೈಟ್ ಎಂಬ ಬಿಳಿ ರಕ್ತಕೋಶಗಳನ್ನು ಕರೆಯುತ್ತವೆ. ಗೋಡೆಯೊಳಗೆ ಬಂದ ಮೋನೊಸೈಟ್‌ಗಳು ಮ್ಯಾಕ್ರೊಫೇಜ್‌ಗಳಾಗಿ ಕೆಟ್ಟ ಕಣಗಳನ್ನು ನುಂಗಲು ತೊಡಗುತ್ತವೆ. ಅವುಗಳ ಉದ್ದೇಶ ಸ್ವಚ್ಛ ಮಾಡುವುದೇ. ನುಂಗಿದ್ದನ್ನು, ಕೊಲೆಸ್ಟ್ರಾಲನ್ನು ಹೊರಗೆ ಒಯ್ಯುವ ಎಚ್‌ಡಿಎಲ್ ಕಣಗಳ ಕಡೆಗೆ ಸಾಗಿಸುವ ದಾರಿಯೂ ಅವುಗಳಿಗಿದೆ. ಒಳಬರುವುದು ಹೊರಹೋಗುವುದಕ್ಕಿಂತ ಹೆಚ್ಚಾದಾಗ ಅವು ನೊರೆಕೋಶಗಳಾಗಿ ಅಲ್ಲೇ ಸಾಯುತ್ತವೆ. ಸತ್ತ ಕೋಶಗಳಿಂದ ಕೊಬ್ಬು ಚೆಲ್ಲುತ್ತದೆ, ಕೊಲೆಸ್ಟ್ರಾಲ್ ಹರಳುಗಟ್ಟುತ್ತದೆ, ಹರಳುಗಳು ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತವೆ. ಇದರ ಮೇಲೆ ನಾರಿನ ಮುಚ್ಚಳವೊಂದು ಬೆಳೆಯುತ್ತದೆ. ಮುಚ್ಚಳ ತೆಳುವಾಗಿ ಒಂದು ದಿನ ಹರಿದರೆ, ಒಳಗಿನ ವಸ್ತು ರಕ್ತಕ್ಕೆ ತಾಗಿ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಿ ಹಾಗಾದರೆ ಹೃದಯಾಘಾತ, ಮಿದುಳಿನ ನಾಳದಲ್ಲಾದರೆ ಪಾರ್ಶ್ವವಾಯು.

ಇದು ವಯಸ್ಸಾದ ಮೇಲೆ ಶುರುವಾಗುವ ಕೆಲಸವಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು 22. ನಾಲ್ವರಲ್ಲಿ ಮೂವರಿಗೂ ಹೆಚ್ಚು ಮಂದಿಯ ಹೃದಯದ ಅಪಧಮನಿಗಳಲ್ಲಿ ಕಾಯಿಲೆಯ ಗುರುತುಗಳಿದ್ದವು.

ಆಕ್ಸಿಡೀಕರಣ ಇಷ್ಟು ಮುಖ್ಯವಾದರೆ ಅದನ್ನು ತಡೆದರೆ ಸಾಕಲ್ಲವೇ? ಎಲ್ಲರಿಗೂ ಹೊಳೆದ ಪ್ರಶ್ನೆ ಇದು. 1987ರಲ್ಲಿ ಪ್ರೊಬುಕಾಲ್ ಎಂಬ ಆಂಟಿಆಕ್ಸಿಡೆಂಟ್ ಔಷಧ ಮೊಲಗಳಲ್ಲಿ ಕಾಯಿಲೆಯನ್ನು ಕಡಿಮೆ ಮಾಡಿತು. ವಿಟಮಿನ್ ಇ ಹೆಚ್ಚು ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಕಡಿಮೆ ಎಂದು ಸಮೀಕ್ಷೆಗಳೂ ಹೇಳಿದವು. ಲಕ್ಷಾಂತರ ಜನ ವಿಟಮಿನ್ ಗುಳಿಗೆ ನುಂಗಲು ಶುರುಮಾಡಿದರು. ಆಮೇಲೆ ದೊಡ್ಡ ಪ್ರಯೋಗಗಳು ನಡೆದವು. 2000ದಲ್ಲಿ ಬಂದ ಹೋಪ್ ಪ್ರಯೋಗದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಅಥವಾ ಖಾಲಿ ಗುಳಿಗೆ ಸುಮಾರು ನಾಲ್ಕೂವರೆ ವರ್ಷ ಕೊಟ್ಟರು. ಲಾಭ ಸಿಗಲಿಲ್ಲ. ಫಿನ್ಲೆಂಡಿನ 29,133 ಧೂಮಪಾನಿ ಪುರುಷರ ಮೇಲಿನ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಯಿತು. ಆಂಟಿಆಕ್ಸಿಡೆಂಟ್ ಗುಳಿಗೆಯಿಂದ ಒಳ್ಳೆಯದಾಗದಿದ್ದರೂ ಕೆಟ್ಟದ್ದೇನೂ ಆಗದು ಎನ್ನುವವರಿಗೆ ಈ ಒಂದು ಫಲಿತಾಂಶ ಸಾಕು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕಣ್ತೆರೆಸುವಂಥದು ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ. 2002ರಲ್ಲಿ ಫಲಿತಾಂಶ ಪ್ರಕಟಿಸಿದ ಈ ಅಧ್ಯಯನದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 20,536 ಜನ ಇದ್ದರು. ಇದರ ವಿನ್ಯಾಸವೇ ಜಾಣತನದ್ದು. ಅದೇ ಜನರ ಮೇಲೆ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೊಟಿನ್, ಉಳಿದವರಿಗೆ ಖಾಲಿ ಗುಳಿಗೆ. ಇದರಿಂದ ಪ್ರತ್ಯೇಕವಾಗಿ, ಅರ್ಧದಷ್ಟು ಜನರಿಗೆ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್, ಉಳಿದವರಿಗೆ ಖಾಲಿ ಗುಳಿಗೆ. ಐದು ವರ್ಷಗಳ ನಂತರ ಲೆಕ್ಕ ಹಾಕಿದರು. ವಿಟಮಿನ್ ತೆಗೆದುಕೊಂಡವರ ರಕ್ತದಲ್ಲಿ ವಿಟಮಿನ್ ಇ ಸುಮಾರು ಎರಡು ಪಟ್ಟಾಗಿತ್ತು, ಅಂದರೆ ಗುಳಿಗೆ ಮೈಗೆ ಹತ್ತಿತ್ತು. ಆದರೂ ಹೃದಯ ಮತ್ತು ರಕ್ತನಾಳದ ದೊಡ್ಡ ಅವಘಡಗಳು ವಿಟಮಿನ್ ಗುಂಪಿನಲ್ಲಿ ಶೇ 22.5, ಖಾಲಿ ಗುಳಿಗೆಯ ಗುಂಪಿನಲ್ಲೂ ಶೇ 22.5. ಸಿಮ್ವಾಸ್ಟ್ಯಾಟಿನ್ ಗುಂಪಿನಲ್ಲಿ ಅದು ಶೇ 19.8, ಖಾಲಿ ಗುಳಿಗೆಯವರಲ್ಲಿ ಶೇ 25.2. ಅದೇ ಜನ, ಅದೇ ಐದು ವರ್ಷ. ಆಕ್ಸಿಡೀಕರಣ ತಡೆಯಲು ಕೊಟ್ಟದ್ದು ಕೈಕೊಟ್ಟಿತು, ಎಲ್‌ಡಿಎಲ್ ಇಳಿಸಲು ಕೊಟ್ಟದ್ದು ಕೆಲಸ ಮಾಡಿತು.

ವಿಟಮಿನ್ ಇ ಏಕೆ ಸೋತಿತು ಎಂಬುದಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚು. ಮೈಲೊಪೆರಾಕ್ಸಿಡೇಸ್ ಮಾಡುವ ಹೈಪೊಕ್ಲೋರಸ್ ಆಮ್ಲದ ದಾಳಿಯನ್ನು ವಿಟಮಿನ್ ಇ ಅಷ್ಟಾಗಿ ತಡೆಯಲಾರದು. ಮನುಷ್ಯರ ಅಪಧಮನಿಯಿಂದ ತೆಗೆದ ಪ್ಲಾಕ್‌ಗಳಲ್ಲಿ, ಅಂದರೆ ಗೋಡೆಯಲ್ಲಿ ಕೊಬ್ಬುಗಟ್ಟಿದ ಭಾಗಗಳಲ್ಲಿ, ಆಕ್ಸಿಡೈಸ್ ಆದ ಕೊಬ್ಬಿನ ಪಕ್ಕದಲ್ಲೇ ವಿಟಮಿನ್ ಇ ಕೂಡ ಧಾರಾಳವಾಗಿ ಸಿಕ್ಕಿದೆ, ಅಂದರೆ ಅದರ ಕೊರತೆಯೇ ಅಲ್ಲಿನ ಸಮಸ್ಯೆ ಅಲ್ಲ. ಕೆಲವು ಪರಿಸ್ಥಿತಿಗಳಲ್ಲಿ ವಿಟಮಿನ್ ಇ ತಾನೇ ಸರಪಳಿ ಕ್ರಿಯೆಯನ್ನು ಮುಂದುವರಿಸಬಲ್ಲದು. ಜೊತೆಗೆ, ಪ್ರಯೋಗಕ್ಕೆ ಸೇರಿದವರಲ್ಲಿ ಕಾಯಿಲೆ ದಶಕಗಳಿಂದ ಬೆಳೆದಿತ್ತು.

ವಿಟಮಿನ್ ಸೋತಿತು ಎಂದ ಮಾತ್ರಕ್ಕೆ ಆಕ್ಸಿಡೀಕರಣದ ಸಿದ್ಧಾಂತವೇ ಬಿದ್ದುಹೋಯಿತೇ? ಇಲ್ಲ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಕ್ಸಿಡೈಸ್ ಆದ ಫಾಸ್ಫೊಲಿಪಿಡ್‌ಗಳನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯದ ತುಣುಕನ್ನು ಸದಾ ಉತ್ಪಾದಿಸುವಂಥ ಇಲಿಗಳನ್ನು ಬೆಳೆಸಿದರು. ಅವುಗಳಲ್ಲಿ ಅಥೆರೊಸ್ಕ್ಲೆರೋಸಿಸ್ ಸ್ಪಷ್ಟವಾಗಿ ಕಡಿಮೆಯಾಯಿತು. ಯಾವ ಅಣುವನ್ನು, ಎಲ್ಲಿ, ಯಾವಾಗ ತಡೆಯಬೇಕು ಎಂಬುದರಲ್ಲಿ ಗುಟ್ಟಿದೆ, ಒಟ್ಟಾರೆ ಆಂಟಿಆಕ್ಸಿಡೆಂಟ್ ಸುರಿಯುವುದರಲ್ಲಿ ಇಲ್ಲ.

ಈಗ ಮೊದಲಿನ ವಾದವನ್ನು ಎದುರಿಗಿಟ್ಟು ನೋಡಿ. ಗೋಡೆಯೊಳಗೆ ಆಕ್ಸಿಡೈಸ್ ಆಗಬೇಕಾದರೆ ಎಲ್‌ಡಿಎಲ್ ಗೋಡೆಯೊಳಗೆ ಹೋಗಬೇಕು. ಎಷ್ಟು ಹೋಗುತ್ತದೆ ಎಂಬುದು ರಕ್ತದಲ್ಲಿ ಎಷ್ಟು ಕಣಗಳಿವೆ, ಎಷ್ಟು ವರ್ಷಗಳಿಂದ ಇವೆ ಎಂಬುದನ್ನು ನೇರವಾಗಿ ಅವಲಂಬಿಸಿದೆ. ಆಕ್ಸಿಡೀಕರಣದ ಸಿದ್ಧಾಂತ ಎಲ್‌ಡಿಎಲ್ ಅನ್ನು ಆರೋಪದಿಂದ ಬಿಡುಗಡೆ ಮಾಡುವುದಿಲ್ಲ, ಅದು ಹೇಗೆ ಕೆಡುಕು ಮಾಡುತ್ತದೆ ಎಂಬ ವಿವರ ಕೊಡುತ್ತದೆ, ಅಷ್ಟೇ.

ಎಲ್‌ಡಿಎಲ್ ಗ್ರಾಹಕಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಎಂಬ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದ ಕೆಲವರಿದ್ದಾರೆ. ಅಮೆರಿಕದ ಕಪ್ಪು ಜನರಲ್ಲಿ ಇಂಥವರನ್ನು ಅಭ್ಯಾಸ ಮಾಡಿದ 2006ರ ವರದಿಯ ಪ್ರಕಾರ ಅವರ ಎಲ್‌ಡಿಎಲ್ ಸರಾಸರಿ ಶೇ 28ರಷ್ಟು ಕಡಿಮೆ, ಹೃದ್ರೋಗದ ಅಪಾಯ ಶೇ 88ರಷ್ಟು ಕಡಿಮೆ. ಅವರೇನೂ ವಿಶೇಷ ಆಂಟಿಆಕ್ಸಿಡೆಂಟ್ ತಿಂದವರಲ್ಲ. ಜೀವನವಿಡೀ ಎಲ್‌ಡಿಎಲ್ ಕಡಿಮೆ ಇತ್ತು, ಅಷ್ಟೇ ವ್ಯತ್ಯಾಸ. ಔಷಧಗಳ ಪ್ರಯೋಗಗಳೂ ಅದನ್ನೇ ಹೇಳುತ್ತವೆ. ಸ್ಟ್ಯಾಟಿನ್ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಎಲ್‌ಡಿಎಲ್ ಪ್ರತಿ 39 ಮಿಲಿಗ್ರಾಂ ಇಳಿದಾಗ ದೊಡ್ಡ ಅವಘಡಗಳು ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು ಕಡಿಮೆಯಾಗಿವೆ.

ಗೋಡೆಯೊಳಗಿನ ಆಕ್ಸಿಡೀಕರಣವನ್ನು ಹೆಚ್ಚಿಸುವ ಸಂಗತಿಗಳಲ್ಲಿ ಧೂಮಪಾನಕ್ಕೆ ಮೊದಲ ಜಾಗ. ಸಿಗರೇಟಿನ ಹೊಗೆಯಲ್ಲೇ ಫ್ರೀ ರ್‍ಯಾಡಿಕಲ್‌ಗಳು ತುಂಬಿವೆ. ದೇಹದಲ್ಲಿ ಕೊಬ್ಬು ಆಕ್ಸಿಡೈಸ್ ಆಗುತ್ತಿರುವುದನ್ನು ತೋರಿಸುವ ಐಸೊಪ್ರೊಸ್ಟೇನ್‌ಗಳು ಧೂಮಪಾನಿಗಳಲ್ಲಿ ಹೆಚ್ಚಿರುತ್ತವೆ, ಎರಡು ವಾರ ಸೇದುವುದನ್ನು ನಿಲ್ಲಿಸಿದರೆ ಗಮನಾರ್ಹವಾಗಿ ಇಳಿಯುತ್ತವೆ ಎಂದು 1995ರಲ್ಲೇ ತೋರಿಸಲಾಗಿದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಕೂಡ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಆಂಟಿಆಕ್ಸಿಡೆಂಟ್ ಬಗ್ಗೆ ನಿಜವಾಗಿ ಕಾಳಜಿ ಇರುವವರು ಮೊದಲು ಈ ಮೂರನ್ನು ನೋಡಿಕೊಳ್ಳಬೇಕು.

ಅಡುಗೆ ಎಣ್ಣೆಯ ಮೇಲೂ ಇದೇ ತರ್ಕದಿಂದ ದಾಳಿ ನಡೆಯುತ್ತಿದೆ. ಬೀಜದ ಎಣ್ಣೆಗಳಲ್ಲಿರುವ ಬಹು ಅಪರ್ಯಾಪ್ತ ಕೊಬ್ಬಾದ ಲಿನೋಲೆಯಿಕ್ ಆಮ್ಲ ಸುಲಭವಾಗಿ ಆಕ್ಸಿಡೈಸ್ ಆಗುತ್ತದೆ, ಆದ್ದರಿಂದ ಬೀಜದ ಎಣ್ಣೆಗಳೇ ಹೃದ್ರೋಗಕ್ಕೆ ಕಾರಣ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ, ಮನುಷ್ಯರಲ್ಲಿ ಕಂಡದ್ದು ಬೇರೆ. ಹಲವು ದೇಶಗಳ 30 ಅಧ್ಯಯನಗಳನ್ನು ಒಟ್ಟು ಸೇರಿಸಿದ 2019ರ ವಿಶ್ಲೇಷಣೆಯಲ್ಲಿ, ದೇಹದಲ್ಲಿ ಲಿನೋಲೆಯಿಕ್ ಆಮ್ಲ ಹೆಚ್ಚಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾವು ಕಡಿಮೆ ಇತ್ತು. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವುದು ಬೇರೆ ವಿಷಯ, ಅದನ್ನು ಬಿಡುವುದೇ ಒಳ್ಳೆಯದು.

ಆಕ್ಸಿಡೀಕರಣದ ನಂತರದ ಹೆಜ್ಜೆ, ಅಂದರೆ ಉರಿಯೂತವನ್ನು ತಡೆಯುವ ಪ್ರಯತ್ನಗಳು ಫಲ ಕೊಡತೊಡಗಿವೆ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಎಲ್‌ಡಿಎಲ್ ಅನ್ನು ಮುಟ್ಟದೆ ಉರಿಯೂತವನ್ನಷ್ಟೇ ಇಳಿಸುವ ಕನಾಕಿನುಮ್ಯಾಬ್ ಎಂಬ ಔಷಧ, ಹೃದಯಾಘಾತವಾಗಿದ್ದವರಲ್ಲಿ ಮುಂದಿನ ಅವಘಡಗಳನ್ನು ಶೇ 15ರಷ್ಟು ಕಡಿಮೆ ಮಾಡಿತು. ಆದರೆ ಮಾರಕ ಸೋಂಕುಗಳು ಹೆಚ್ಚಾದವು, ಹೃದ್ರೋಗಕ್ಕೆ ಅದು ಬಳಕೆಗೆ ಬರಲಿಲ್ಲ. ಗೌಟ್ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಔಷಧ ಕೊಲ್ಚಿಸಿನ್‌ಗೆ, ಅದೂ 0.5 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಉದ್ದೇಶಕ್ಕೆ ಅನುಮತಿ ಕೊಟ್ಟರು. ಇವೆಲ್ಲ ಎಲ್‌ಡಿಎಲ್ ಇಳಿಸುವುದರ ಜೊತೆಗೆ ಕೊಡುವ ಚಿಕಿತ್ಸೆ, ಅದರ ಬದಲಿಗೆ ಕೊಡುವಂಥದಲ್ಲ.

ಆಕ್ಸಿಡೈಸ್ ಆದ ಎಲ್‌ಡಿಎಲ್ ಅಳೆಯುವ ರಕ್ತ ಪರೀಕ್ಷೆಯನ್ನೂ ಕೆಲವು ಲ್ಯಾಬುಗಳು ಮಾರುತ್ತಿವೆ. ಹಾನಿ ನಡೆಯುವುದು ಗೋಡೆಯೊಳಗೆ, ಪರೀಕ್ಷೆ ನೋಡುವುದು ರಕ್ತವನ್ನು. ಆ ಅಳತೆಯ ಹೆಚ್ಚಿನ ಪಾಲು ಒಟ್ಟು ಕಣಗಳ ಸಂಖ್ಯೆಯ ಜೊತೆಗೇ ಏರಿಳಿಯುತ್ತದೆ. ಹೃದ್ರೋಗ ತಜ್ಞರ ಮುಖ್ಯ ಮಾರ್ಗಸೂಚಿಗಳು ಅದನ್ನು ಮಾಮೂಲಿ ಪರೀಕ್ಷೆಯಾಗಿ ಹೇಳಿಲ್ಲ. ಅದಕ್ಕೆ ಹಣ ಸುರಿಯುವ ಬದಲು ಅಪೊಬಿ ಮಾಡಿಸಿದರೆ ಹೆಚ್ಚು ಉಪಯೋಗ. ಪ್ರತಿ ಎಲ್‌ಡಿಎಲ್ ಕಣದಲ್ಲೂ ಒಂದೇ ಅಪೊಬಿ ಇರುವುದರಿಂದ ಅದು ಕಣಗಳ ಲೆಕ್ಕವನ್ನೇ ಕೊಡುತ್ತದೆ.

ಇನ್ನೊಂದು ಪರೀಕ್ಷೆ ಲಿಪೊಪ್ರೋಟೀನ್ ಎ. ಎಲ್‌ಡಿಎಲ್‌ನಂಥದೇ ಕಣಕ್ಕೆ ಮತ್ತೊಂದು ಪ್ರೋಟೀನ್ ಅಂಟಿಕೊಂಡ ರೂಪ ಇದು. ರಕ್ತದಲ್ಲಿರುವ ಆಕ್ಸಿಡೈಸ್ ಆದ ಫಾಸ್ಫೊಲಿಪಿಡ್‌ಗಳನ್ನು ಹೆಚ್ಚಾಗಿ ಹೊತ್ತು ತಿರುಗುವುದು ಇದೇ ಕಣ. ಇದರ ಮಟ್ಟವನ್ನು ಬಹುಪಾಲು ಜೀನ್‌ಗಳೇ ನಿರ್ಧರಿಸುತ್ತವೆ, ಆಹಾರದಿಂದ ಹೆಚ್ಚೇನೂ ಬದಲಾಗುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಅಪಾಯದ ಮಟ್ಟದಲ್ಲಿರುತ್ತದೆ, ಮಾಮೂಲಿ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಅದು ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ವಯಸ್ಕರಾದ ಮೇಲೆ ಒಮ್ಮೆಯಾದರೂ ಅಳೆಸಿ ಎಂದು ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ 2019ರಲ್ಲಿ ಹೇಳಿತು. ಅದು ಹೆಚ್ಚಿದ್ದರೆ ವೈದ್ಯರು ಎಲ್‌ಡಿಎಲ್ ಅನ್ನು ಇನ್ನಷ್ಟು ಕೆಳಗಿಳಿಸುವ ಬಗ್ಗೆ ಯೋಚಿಸುತ್ತಾರೆ. ಅಂಥವರ ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು.